ಆ್ಯನ್ ಪ್ಲಂಬರ್ ಕಮಿಂಗ್

ಕೆ.ಆರ್. ಪುರಂ ಕಡೆಯ ನಮ್ಮ ಕಾರ್ಖಾನೆ ನೌಕರರ ಬಡಾವಣೆಯಲ್ಲಿ ಇಂಗ್ಲಿಷ್ ಎಂದರೆ ಕೃಷ್ಣಸ್ವಾಮಿ, ಕೃಷ್ಣಸ್ವಾಮಿ ಎಂದರೆ ಇಂಗ್ಲಿಷ್. ಈ ಕೀರ್ತಿ ಅವರಿಗೆ ಬಂದದ್ದು ನಿವೃತ್ತಿಯ ದಿನ, ಒಂದೇ ಒಂದು ಅಕ್ಷರದಿಂದ.

ಕಾರ್ಖಾನೆಯ ಸಭಾಂಗಣದಲ್ಲಿ ಬೀಳ್ಕೊಡುಗೆ ನಡೆಯುತ್ತಿತ್ತು. ಸ್ಟೋರ್ಸ್ ವಿಭಾಗದ ಕೃಷ್ಣಸ್ವಾಮಿಗಳು ಮೈಸೂರು ಪೇಟ ತೊಟ್ಟು, ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ದೊಡ್ಡ ಸಾಹೇಬರು ಮೈಕಿನ ಮುಂದೆ ನಿಂತು, ಮಿಸ್ಟರ್ ಕೃಷ್ಣಸ್ವಾಮಿ ಈಸ್ ಎ ಆನೆಸ್ಟ್ ಮ್ಯಾನ್ ಎಂದರು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೃಷ್ಣಸ್ವಾಮಿಗಳು ಬುಟ್ಟಿಯನ್ನು ಪಕ್ಕದವರಿಗೆ ಕೊಟ್ಟು ಎದ್ದರು, ಸಾಹೇಬರ ಕೈಯಿಂದ ಮೈಕು ತೆಗೆದುಕೊಂಡರು, "ಆ್ಯನ್, ಸಾರ್. ಆ್ಯನ್ ಆನೆಸ್ಟ್ ಮ್ಯಾನ್" ಎಂದು ಹೇಳಿ, ಮೈಕು ವಾಪಸು ಕೊಟ್ಟು, ಬುಟ್ಟಿ ವಾಪಸು ತೆಗೆದುಕೊಂಡು ಕುಳಿತರು. ಆಮೇಲೆ ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು.

ಅಷ್ಟು ವರ್ಷ ಅವರು ಸ್ಟೋರ್ಸಿನಲ್ಲಿ ಏನು ಕೆಲಸ ಮಾಡಿದರೆಂದು ಇವತ್ತು ಯಾರಿಗೂ ನೆನಪಿಲ್ಲ. ಆ 'ನ್' ಮಾತ್ರ ಇಡೀ ಬಡಾವಣೆಗೆ ನೆನಪಿದೆ. ಅಂದಿನಿಂದ ಮದುವೆಯ ಕಾಗದ, ವೈಕುಂಠ ಸಮಾರಾಧನೆಯ ಕಾಗದ, ನೀರಿನ ಮಂಡಳಿಗೆ ಕೊಡುವ ದೂರು, ಎಲ್ಲವೂ ಅವರ ಕಣ್ಣು ಹಾಯ್ದೇ ಹೋಗಬೇಕು ಎಂದಾಯಿತು. ಅವರು ಕನ್ನಡಕ ಏರಿಸಿ, ಪೆನ್ನು ಬಿಚ್ಚಿ, ಕಾಗದದ ಉದ್ದಕ್ಕೂ 'ಎ' ಎಲ್ಲಿದೆ ಎಂದು ಹುಡುಕುತ್ತಿದ್ದರು. ಸಿಕ್ಕಿದ ಕಡೆ ಒಂದು 'ನ್' ಸೇರಿಸಲು ಜಾಗವಿದೆಯೇ ಎಂದು ನೋಡುತ್ತಿದ್ದರು. ಇದ್ದರೆ ಸೇರಿಸುತ್ತಿದ್ದರು. ಇಲ್ಲದಿದ್ದರೆ "ಬ್ಯೂಟಿಫುಲ್" ಎಂದು ವಾಪಸು ಕೊಡುತ್ತಿದ್ದರು. ಉಳಿದ ವ್ಯಾಕರಣವೆಲ್ಲ ಅದರ ಪಾಡಿಗೆ ಅದು ಇರುತ್ತಿತ್ತು. ಅವರ ಹೆಂಡತಿ ಅಮ್ಮಣ್ಣಿಯವರು, "ಇವರಿಗೆ ಬರೋದು ಅದೊಂದೇ" ಎಂದು ಪಕ್ಕದ ಮನೆಯವನಾದ ನನ್ನ ಎದುರಿಗೇ ಹೇಳುತ್ತಿದ್ದರು. ಮನೆಯವರ ಮಾತನ್ನು ಯಾವ ಬಡಾವಣೆ ನಂಬುತ್ತದೆ?

ಕೃಷ್ಣಸ್ವಾಮಿಗಳ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ ನಿಂಗಣ್ಣ, ಜಟ್ಟೆಮ್ಮ ಎಂಬ ದಂಪತಿ ಬಾಡಿಗೆಗಿದ್ದರು. ಊರು ಶಹಾಪುರದ ಕಡೆ. ನಿಂಗಣ್ಣ ಹೊರಮಾವಿನ ಪೆಲಿಕನ್ ಕೋರ್ಟ್ ಎಂಬ ಅಪಾರ್ಟ್‌ಮೆಂಟಿನ ಮುಂಬಾಗಿಲ ಕಾವಲುಗಾರ. ಅಲ್ಲಿ ಪೆಲಿಕನ್ನೂ ಇಲ್ಲ, ಕೋರ್ಟೂ ಇಲ್ಲ, ನಾಲ್ಕು ಬ್ಲಾಕು ಮನೆಗಳಿವೆ. ಜಟ್ಟೆಮ್ಮ ಅದರಲ್ಲೇ ಕೆಲವು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗಿ ಸಂಜೆ ಒಂದೇ ಸೈಕಲ್ಲಿನಲ್ಲಿ ಬರುತ್ತಿದ್ದರು.

ಒಂದು ಸಂಜೆ ಈ ದಂಪತಿ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಸಕ್ಕರೆ ಪೊಟ್ಟಣ ಇಟ್ಟುಕೊಂಡು ಇಳಿದು ಬಂದರು. ಅಮ್ಮಣ್ಣಿಯವರು ಮನೆಯಲ್ಲಿ ಏನೋ ಶುಭ ಸಮಾಚಾರವೆಂದು ಜಟ್ಟೆಮ್ಮನ ಹೊಟ್ಟೆಯ ಕಡೆ ನೋಡಿದರು. ಸಮಾಚಾರ ಅದಲ್ಲ. ಮುಂಬಾಗಿಲಲ್ಲಿ ನಿಲ್ಲುವವರಿಗೆ ಇಂಗ್ಲಿಷ್ ಬರಲೇಬೇಕೆಂದು ಪೆಲಿಕನ್ ಕೋರ್ಟಿನ ಸಮಿತಿ ತೀರ್ಮಾನಿಸಿತ್ತು. ದಸರೆಗೆ ಮುಂಚೆ ಪರೀಕ್ಷೆ.

"ಪಾಸಾಗ್ಲಿಲ್ಲಂದ್ರ ಏಜೆನ್ಸಿಯವ್ರು ಹೊಸಕೋಟಿ ದಾಟಿ ಯಾವ್ದೋ ಗೋಡೌನಿಗೆ ಒಗೀತಾರಂತ್ರಿ ಸರ. ಅಲ್ಲಿ ಮನಷಾರೇ ಇರಂಗಿಲ್ಲಂತ, ಬರೇ ಚೀಲ," ಎಂದ ನಿಂಗಣ್ಣ.

"ನಾ ಇಲ್ಲಿ, ಇವ್ರು ಚೀಲದ ಸಂಗಡ ಅಂದ್ರ ಸಂಸಾರ ಹೆಂಗ್ರಿ ಅಮ್ಮಾರ?" ಎಂದಳು ಜಟ್ಟೆಮ್ಮ.

ನಿಂಗಣ್ಣನ ಸಂಕಟ ನಿಜವಾದದ್ದು. ದಾರಿಯಲ್ಲಿ ಹೋಗುವ ಯಾರನ್ನೂ ಮಾತನಾಡಿಸದೆ ಬಿಡುವ ಮನುಷ್ಯನಲ್ಲ ಅವನು. ಸೊಪ್ಪಿನ ಗಾಡಿಯವನಿಗೂ ರೀ, ಬೀದಿ ಗುಡಿಸುವ ಅಮ್ಮನಿಗೂ ರೀ, ಗ್ಯಾಸ್ ಸಿಲಿಂಡರು ಇಳಿಸುವ ಹುಡುಗನಿಗೂ ರೀ. ಅವನ ಬಾಯಿಯಿಂದ ರೀ ಇಲ್ಲದ ವಾಕ್ಯ ಹೊರಗೆ ಬಂದದ್ದನ್ನು ನಾನು ಕೇಳಿಲ್ಲ. ಅಂಥವನನ್ನು ಚೀಲಗಳ ಮಧ್ಯೆ ಕೂರಿಸಿದರೆ ಅವನು ಚೀಲಗಳಿಗೂ ರೀ ಹಾಕಿ ಮಾತಾಡಿಸಿ ಒಂದು ವಾರದಲ್ಲಿ ಹುಚ್ಚನಾಗುತ್ತಿದ್ದ.

ಕೃಷ್ಣಸ್ವಾಮಿಗಳು ಆಗಲೇ, ನೋಡಪ್ಪಾ ನನಗೆ ಬರೋದು ಇಷ್ಟೇ ಎಂದು ಹೇಳಿಬಿಡಬಹುದಿತ್ತು. ಆದರೆ ತಟ್ಟೆ ಮುಂದಿತ್ತು, ನಾನು ಪಕ್ಕದಲ್ಲಿದ್ದೆ, ಒಳಗೆ ಅಮ್ಮಣ್ಣಿಯವರು ಬೇಕೆಂದೇ ಕೆಮ್ಮಿದರು. ಆ ಕೆಮ್ಮಿಗೆ ಉತ್ತರವಾಗಿ ಅವರು ತೆಂಗಿನಕಾಯಿಯನ್ನು ಮುಟ್ಟಿ ಒಪ್ಪಿಕೊಂಡರು.

ಪಾಠ ಶುರುವಾಯಿತು. ಮೊದಲನೆಯ ಪಾಠ, ಎ ಮತ್ತು ಆ್ಯನ್. ಎ ಇ ಐ ಓ ಯು ಎಂಬ ಐದು ಅಕ್ಷರಗಳ ಮುಂದೆ ಆ್ಯನ್ ಎಂದು ಕೃಷ್ಣಸ್ವಾಮಿಗಳು ಶುರುಮಾಡಿದರು. ಇಂಗ್ಲಿಷ್ ಅಕ್ಷರವನ್ನೇ ಕಲಿಯದ ನಿಂಗಣ್ಣನಿಗೆ ಆ ಐದು ಯಾರು, ಎಲ್ಲಿಯವರು ಎಂದೇ ತಿಳಿಯಲಿಲ್ಲ. ಆಗ ಗುರುಗಳು ದಾರಿ ಬದಲಿಸಿ, ಅಕ್ಷರ ಬೇಡ, ಉದಾಹರಣೆ ಬಾಯಿಪಾಠ ಮಾಡು, ಮಾಡ್ತಾ ಮಾಡ್ತಾ ಗುಟ್ಟು ತಾನಾಗೇ ತಿಳಿಯುತ್ತೆ ಎಂದರು. ಬಾಯಿಗೆ ಬಂದ ಉದಾಹರಣೆಗಳನ್ನು ಕೊಟ್ಟರು. ಆ್ಯನ್ ಎಲಿಫೆಂಟ್. ಆ್ಯನ್ ಆಫೀಸರ್. ಆ್ಯನ್ ಇಂಜಿನಿಯರ್. ಆ್ಯನ್ ಅಂಕಲ್, ಆ್ಯನ್ ಆಂಟಿ. ಎಲ್ಲಕ್ಕಿಂತ ಮೇಲೆ, ಆ್ಯನ್ ಆನೆಸ್ಟ್ ಮ್ಯಾನ್. ಈ ಕಡೆ ಎ ಡಾಗ್. ಎ ಡಾಂಕಿ. ಎ ಥೀಫ್. ಎ ಬಫೆಲೋ.

ನಿಂಗಣ್ಣ ಜಗುಲಿಯ ಕೆಳಗೆ ಕುಳಿತು ದಿನವೂ ಇದನ್ನೇ ಹೇಳುತ್ತಿದ್ದ. ಮೇಲಿನ ಮೆಟ್ಟಿಲಲ್ಲಿ ಜಟ್ಟೆಮ್ಮ ಅಮ್ಮಣ್ಣಿಯವರಿಗೆ ಸೊಪ್ಪು ಬಿಡಿಸಿಕೊಡುತ್ತಾ ಕೇಳುತ್ತಿದ್ದಳು. ವಾರಗಳು ಕಳೆದವು. ಎರಡನೆಯ ಪಾಠಕ್ಕೆ ಹೋಗುವ ಮುಂಚೆ ಮೊದಲನೆಯದು ಗಟ್ಟಿಯಾಗಬೇಕು ಎಂಬುದು ಕೃಷ್ಣಸ್ವಾಮಿಗಳ ಸಿದ್ಧಾಂತ. ಎರಡನೆಯದು ಯಾವುದೆಂದು ಇವರಿಗೇ ಗೊತ್ತಿಲ್ಲ ಎಂಬುದು ಅಮ್ಮಣ್ಣಿಯವರ ಸಿದ್ಧಾಂತ.

ಗುಟ್ಟು ತಾನಾಗೇ ತಿಳಿಯುತ್ತದೆ ಎಂದಿದ್ದರಲ್ಲ, ತಿಳಿಯಿತು. ತಿಳಿದದ್ದು ಜಟ್ಟೆಮ್ಮನಿಗೆ. ಒಂದು ದಿನ ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟು ಗಂಡನಿಗೆ ಹೇಳಿದಳು. "ಅಲ್ರಿ, ನೀವ್ ನೋಡ್ರಿ. ಆನಿಗೆ ಆ್ಯನ್, ಸಾಹೇಬ್ರಿಗೆ ಆ್ಯನ್, ಮಾವ ಅತ್ತಿಗೆ ಆ್ಯನ್. ನಾಯಿಗೆ ಕತ್ತಿಗೆ ಕಳ್ಳಗ ಬರೇ ಎ. ನಾವು ಹಿರ್‍ಯಾರಿಗೆ ರೀ ಹಚ್ತೀವಲ್ಲ, ಅವ್ರು ನ್ ಹಚ್ತಾರ."

ನಿಂಗಣ್ಣ ಒಂದೊಂದನ್ನೇ ಒರೆಗೆ ಹಚ್ಚಿದ. ಹಾಗಾದರೆ ಆ್ಯನ್ ಅಂಬ್ರೆಲಾ ಎಂದು ಕೊಡೆಗೇಕೆ ಮರ್ಯಾದೆ? ತಲೆಯ ಮೇಲೆ ಇರುತ್ತದಲ್ಲ ಎಂದಳು ಜಟ್ಟೆಮ್ಮ. ಆ್ಯನ್ ಆಂಟ್, ಇರುವೆಗೆ? ದುಡಿಯುತ್ತದೆ. ಆ್ಯನ್ ಆನಿಯನ್? "ಉಳ್ಳಾಗಡ್ಡಿ ರೇಟ್ ಕೇಳೀರೇನು ಈಗ?" ಎಂದಳು.

ಆದರೂ ಗುರುಗಳ ಅಪ್ಪಣೆ ಬೇಕೆಂದು ನಿಂಗಣ್ಣ ಕೇಳಿದ, ಇದು ನಮ್ಮ ರೀ ಇದ್ದ ಹಾಗೆಯೇ ಎಂದು. ಕೃಷ್ಣಸ್ವಾಮಿಗಳು ಆಗ ಒಲೆಯ ಮೇಲೆ ಇಟ್ಟು ಮರೆತ ಹಾಲಿನ ವಿಷಯದಲ್ಲಿ ಅಮ್ಮಣ್ಣಿಯವರಿಗೆ ಉತ್ತರ ಕೊಡುತ್ತಿದ್ದರು. ಒಂದು ಕಿವಿಯಿಂದ ಕೇಳಿಸಿಕೊಂಡು, "ಹೆಚ್ಚುಕಡಿಮೆ ಹಾಗೇ ಅಂದ್ಕೋಪ್ಪಾ" ಎಂದುಬಿಟ್ಟರು. ಹಾಲಿನ ವಿಷಯ ಅಲ್ಲಿಗೇ ಮುಗಿಯಿತು. ಇಂಗ್ಲಿಷಿನದು ಅಲ್ಲಿಂದ ಶುರುವಾಯಿತು.

ಪೆಲಿಕನ್ ಕೋರ್ಟಿನಲ್ಲಿ ಒಂದು ಪದ್ಧತಿ ಇದೆ. ಬಾಗಿಲಿನಿಂದ ಯಾರೇ ಒಳಗೆ ಬಂದರೂ ಕಾವಲುಗಾರ ಕೈಯಲ್ಲಿರುವ ವಾಕಿಟಾಕಿಯಲ್ಲಿ ಕೂಗಿ ತಿಳಿಸಬೇಕು. ಆ ಸದ್ದು ಎಲ್ಲ ಬ್ಲಾಕುಗಳ ಕೆಳಗಿನ ಸ್ಪೀಕರುಗಳಲ್ಲಿ ಬರುತ್ತದೆ. ಹೊರಗೆ ಹೋಗುವವರ ಬಗ್ಗೆ ಯಾರಿಗೂ ಆಸಕ್ತಿ ಇಲ್ಲ, ಬರುವವರಿಗೆ ಮಾತ್ರ ಈ ಕೂಗು. ನಿಂಗಣ್ಣ ಈಗ ಇಂಗ್ಲಿಷಿನಲ್ಲಿ ಕೂಗತೊಡಗಿದ. ಯೋಚಿಸಿ, ತೂಗಿ, ಒಬ್ಬೊಬ್ಬರಿಗೂ ಸಲ್ಲಬೇಕಾದ್ದನ್ನು ಸಲ್ಲಿಸಿ ಕೂಗತೊಡಗಿದ.

ಶಿವಾಜಿನಗರದಿಂದ ಬರುವ ಪ್ಲಂಬರ್ ಜಿಯಾವುಲ್ಲಾ ಬಂದರೆ, "ಆ್ಯನ್ ಪ್ಲಂಬರ್ ಕಮಿಂಗ್." ಕೈಯಲ್ಲಿ ತರಕಾರಿ ಚೀಲ ಹಿಡಿದು, ಹೇಗಿದ್ದೀಯಪ್ಪಾ ಎಂದು ಕೇಳಿ ಬರುವ ಗೃಹಸ್ಥರಿಗೆ, "ಆ್ಯನ್ ಹಸ್ಬೆಂಡ್ ಕಮಿಂಗ್." ಸಂಘದ ಅಧ್ಯಕ್ಷರಾದ ವಸಂತ್ ಅವರು ಬಾಗಿಲು ತೆರೆಯುವುದು ಅರೆಗಳಿಗೆ ತಡವಾದರೂ ಹಾರ್ನ್ ಮೇಲೆ ಕೈ ಇಟ್ಟು ತೆಗೆಯುತ್ತಿರಲಿಲ್ಲ, ಕಪ್ಪು ಗಾಜು ಇಳಿಸಿದ್ದನ್ನು ನಿಂಗಣ್ಣ ನೋಡಿರಲಿಲ್ಲ. ಅವರ ಕಾರು ಬಂದರೆ, "ಎ ಪ್ರೆಸಿಡೆಂಟ್ ಕಮಿಂಗ್." ಇದು ಇಂಗ್ಲಿಷಿನ ಪ್ರಕಾರ ಸರಿಯಾಗಿಯೇ ಇದ್ದದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸಂಘದ ಕಾರ್ಯದರ್ಶಿ ಸಾಮಿಯಾ ಅವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವರು, ದಂಡಿನ ಕಡೆಯ ಬೆನ್ಸನ್ ಟೌನಿನಲ್ಲಿ ಇಂಗ್ಲಿಷಿನ ನಡುವೆ ಹುಟ್ಟಿ ಬೆಳೆದವರು. ಅವರು ಒಂದು ದಿನ ಬಾಗಿಲಲ್ಲಿ ನಿಂತು, ನಿಂಗಣ್ಣ, ಎ ಪ್ಲಂಬರ್ ಅನ್ನಬೇಕಪ್ಪಾ ಎಂದು ಮೆಲ್ಲಗೆ ತಿದ್ದಿದರು. ನಿಂಗಣ್ಣನ ಮುಖ ಸಣ್ಣದಾಯಿತು. "ಅನ್ನಾಕ ಬರಂಗಿಲ್ರಿ ಮೇಡಂ. ಜಿಯಾ ಭಾಯ್ ದೊಡ್ಡ ಮನಷಾ ಅದಾರ. ಮೊನ್ನಿ ಪೈಪ್ ಒಡದಾಗ ಮುಂಜಾನಿಂದ ಸಂಜಿತನಾ ಮೊಣಕಾಲು ನೀರಾಗ ನಿಂತಿದ್ರು. ಅಂಥವ್ರಿಗೆ ಎ ಅಂದ್ರ ನನ್ನ ನಾಲಿಗಿ ಏನಾಗ್ಬೇಕ್ರಿ?"

ಸಾಮಿಯಾ ಅವರು ಅಲ್ಲೇ ನಿಂತು ಪೂರ್ತಿ ಕಥೆ ಕೇಳಿದರು. ಇಷ್ಟು ವರ್ಷ ಪಾಠ ಹೇಳಿದ್ದರೂ ಈ ಎರಡು ಪದಗಳನ್ನು ಇಷ್ಟೊಂದು ಜವಾಬ್ದಾರಿಯಿಂದ ಬಳಸುವ ವಿದ್ಯಾರ್ಥಿಯನ್ನು ಅವರು ಕಂಡಿರಲಿಲ್ಲ. ಮನೆಗೆ ಹೋಗಿ, ಇರುವ ಸಂಗತಿಯನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ನಗುಮುಖದ ಜೊತೆ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದರು. ಅನಾಹುತಗಳೆಲ್ಲ ಒಳ್ಳೆಯ ಮನಸ್ಸಿನಿಂದಲೇ ಆಗುವುದು.

ಮೊದಲ ದಿನ ಎಲ್ಲರೂ ನಕ್ಕರು. ಎರಡನೆಯ ದಿನ ಎಲ್ಲರೂ ತಾವು ಏನು ಎಂದು ಕಿವಿಗೊಟ್ಟು ಕೇಳತೊಡಗಿದರು.

ಒಂದೇ ಮಹಡಿಯ ಎದುರು ಬದುರು ಮನೆಯವರಲ್ಲಿ ಒಬ್ಬರು ಆ್ಯನ್, ಇನ್ನೊಬ್ಬರು ಎ ಎಂದು ತಿಳಿದು, ಹತ್ತು ವರ್ಷದ ಸಕ್ಕರೆ-ಕಾಫಿಪುಡಿ ಬಳಕೆ ನಿಂತುಹೋಯಿತು. ಸಿ ಬ್ಲಾಕಿನ ಒಬ್ಬ ಸಾಫ್ಟ್‌ವೇರ್ ಗೃಹಸ್ಥರು ತಾವು ಬರೀ 'ಎ ಹಸ್ಬೆಂಡ್' ಎಂದು ಸ್ಪೀಕರಿನಲ್ಲಿ ಕೇಳಿದ ಮರುದಿನದಿಂದ ಕೈಯಲ್ಲಿ ನುಗ್ಗೆಕಾಯಿ ಹಿಡಿದು ಬರತೊಡಗಿದರು. ನುಗ್ಗೆಕಾಯಿ ಯಾಕೆಂದರೆ ಅದು ಚೀಲದಿಂದ ಹೊರಗೆ ಕಾಣುತ್ತದೆ. ಬಿ ಬ್ಲಾಕಿನ ಆದಿಲಕ್ಷ್ಮಿ ಎಂಬಾಕೆ ತಮ್ಮ ನಾಯಿಗೆ ಎ ಡಾಗ್ ಎನ್ನುವುದು ಅನ್ಯಾಯ, ಅದು ಮನೆಯ ಮಗನಿದ್ದ ಹಾಗೆ ಎಂದು ವಾದ ಹೂಡಿದರು. ನಿಂಗಣ್ಣ ಕೆಲವು ದಿನ ನಾಯಿಯನ್ನು ಗಮನಿಸಿದ. ಅದು ಬಂದಾಗಲೆಲ್ಲ ಅವನ ಮುಂದೆ ನಿಂತು ಬಾಲ ಆಡಿಸಿ ಆಮೇಲೆಯೇ ಒಳಗೆ ಹೋಗುತ್ತಿತ್ತು. ಆದಿಲಕ್ಷ್ಮಿಯವರು ಫೋನಿನಲ್ಲಿ ಮಾತಾಡುತ್ತಾ ನೇರ ಹೋಗುತ್ತಿದ್ದರು. ಆ ಶುಕ್ರವಾರದಿಂದ ಸ್ಪೀಕರು, "ಆ್ಯನ್ ಡಾಗ್ ಕಮಿಂಗ್, ಎ ಮೇಡಂ ಕಮಿಂಗ್" ಎಂದಿತು.

ವಸಂತ್ ಅವರು ಇದೆಲ್ಲ ಬಾಲಿಶ ಎಂದು ಗುಂಪಿನಲ್ಲಿ ಬರೆದರು. ಅವರಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಆದರೆ ಅವರ ಮನೆಗೂ ಅಡುಗೆಗೆ ಹೋಗುತ್ತಿದ್ದದ್ದು ಜಟ್ಟೆಮ್ಮ. ಒಂದು ದಿನ ಊಟಕ್ಕೆ ಕುಳಿತಾಗ ಅವರ ಹೆಂಡತಿ ಸಾರು ಬಡಿಸುತ್ತಾ, ಪ್ಲಂಬರಿಗೆ ಆ್ಯನ್ ಅಂತೆ, ನಾಯಿಗೂ ಕೊಟ್ಟರಂತೆ, ನೀವಿನ್ನೂ ಎ ಅಂತಲ್ರೀ ಎಂದರು. ವಸಂತ್ ಅವರಿಗೆ ಆ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಧ್ಯಕ್ಷರ ಕಾರು ಹಾರ್ನ್ ಇಲ್ಲದೆ ಬಂತು. ಕಪ್ಪು ಗಾಜು ಇಳಿಯಿತು. ಒಳಗಿನಿಂದ, "ಗುಡ್ ಮಾರ್ನಿಂಗ್ ನಿಂಗಣ್ಣ" ಎಂಬ ಮಾತು ಬಂತು. ನಿಂಗಣ್ಣ ಸಂತೋಷದಿಂದ ಸೆಲ್ಯೂಟು ಹೊಡೆದು, ಬಾಗಿಲು ತೆರೆದು, ವಾಕಿಟಾಕಿ ಎತ್ತಿ, ಎ ಪ್ರೆಸಿಡೆಂಟ್ ಕಮಿಂಗ್ ಎಂದ.

ಸಂಜೆ ಜಟ್ಟೆಮ್ಮ ಇದೇನು ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇಷ್ಟೇ. "ಒಂದಿನಾ ನಮಸ್ಕಾರ ಅಂದ್ರ ಕೊಡಾಕ ಬರಂಗಿಲ್ಲ. ನೋಡ್ಬೇಕು."

ಜಟ್ಟೆಮ್ಮ ಈ ಉತ್ತರವನ್ನೂ ಸಾರಿನ ಜೊತೆಗೇ ಅಧ್ಯಕ್ಷರ ಮನೆ ಮುಟ್ಟಿಸಿದಳು. ಅದರ ಫಲವಾಗಿ ಪರೀಕ್ಷೆ ಬರುವ ಭಾನುವಾರವೇ ಎಂದು ನೋಟೀಸು ಬಿತ್ತು. ಪರೀಕ್ಷೆ ಎಲ್ಲರ ಎದುರಿಗೆ. ನಿಂಗಣ್ಣನಿಗೆ ಇಂಗ್ಲಿಷ್ ಹೇಳಿಕೊಟ್ಟ ಮಹನೀಯರನ್ನೂ ಕರೆಸತಕ್ಕದ್ದು.

ಕೃಷ್ಣಸ್ವಾಮಿಗಳಿಗೆ ಇದಾವುದೂ ಗೊತ್ತಿಲ್ಲ. ದೊಡ್ಡ ಅಪಾರ್ಟ್‌ಮೆಂಟಿನವರು ಗುರುಗಳನ್ನು ಕರೆಸುತ್ತಾರೆಂದರೆ ಸನ್ಮಾನಕ್ಕೇ ಇರಬೇಕೆಂದು ಅವರು ಬೀಳ್ಕೊಡುಗೆಯ ಕೋಟನ್ನು ಇಸ್ತ್ರಿ ಮಾಡಿಸಿದರು. ಮೋಡ ಇತ್ತೆಂದು ಕೊಡೆ ಹಿಡಿದರು. ಹಣ್ಣಿನ ಬುಟ್ಟಿ ಕೊಟ್ಟರೆ ಹಿಡಿದುಕೊಳ್ಳಲು ಒಬ್ಬರು ಬೇಕು ಎಂದು ನನ್ನನ್ನು ಕರೆದರು. ಅಮ್ಮಣ್ಣಿಯವರು ಹೊಸಿಲಲ್ಲಿ ನಿಂತು, "ಎರಡನೇ ಪಾಠ ಕೇಳಿದ್ರೆ ಏನ್ಮಾಡ್ತೀರಾ?" ಎಂದರು. ಕೃಷ್ಣಸ್ವಾಮಿಗಳು ಕೇಳಿಸದವರಂತೆ ಆಟೋ ಹತ್ತಿದರು.

ಪೆಲಿಕನ್ ಕೋರ್ಟಿನ ಬಾಗಿಲಲ್ಲಿ ನಿಂಗಣ್ಣ ಗುರುಗಳ ಕಾಲು ಮುಟ್ಟಿ ನಮಸ್ಕರಿಸಿ, ಎದೆಯುಬ್ಬಿಸಿ ವಾಕಿಟಾಕಿಯಲ್ಲಿ ಕೂಗಿದ. "ಆ್ಯನ್ ಮಾಸ್ಟರ್ ಕಮಿಂಗ್."

ಕೃಷ್ಣಸ್ವಾಮಿಗಳ ಕಾಲು ನೆಲಕ್ಕೆ ಅಂಟಿಕೊಂಡಿತು. "ಏನೋ ಅಂದನಲ್ಲ ಇವನು?" ಎಂದು ನನ್ನನ್ನು ಕೇಳಿದರು. ಸ್ಪೀಕರು ಗರಗರ ಎನ್ನುತ್ತದೆ, ಅದರ ದೋಷ ಇರಬೇಕು ಎಂದು ನಾನು ಸಮಾಧಾನ ಹೇಳಿ ಒಳಗೆ ಕರೆದೊಯ್ದೆ.

ಕ್ಲಬ್ ಹೌಸಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಮುಂದೆ ಮೇಜು, ಮೇಜಿನ ಮೇಲೆ ಮೈಕು, ಅದರ ಹಿಂದೆ ವಸಂತ್ ಮತ್ತು ಸಾಮಿಯಾ. ಮೂಲೆಯ ವಾಶ್ ಬೇಸಿನ್ ಕೆಳಗೆ ಜಿಯಾವುಲ್ಲಾ ಅರ್ಧ ದೇಹ ತೂರಿಸಿ ನಲ್ಲಿ ಬಿಗಿ ಮಾಡುತ್ತಿದ್ದ. ಜಟ್ಟೆಮ್ಮ ಚಹಾ ತಟ್ಟೆ ಹಿಡಿದು ನಿಂತಿದ್ದಳು. ಸನ್ಮಾನದ ಶಾಲು ಎಲ್ಲೂ ಕಾಣಲಿಲ್ಲ. ವಸಂತ್ ಅವರು ಕೃಷ್ಣಸ್ವಾಮಿಗಳನ್ನು ಕೂರಿಸಿ ಅಚ್ಚ ಇಂಗ್ಲಿಷಿನಲ್ಲಿ ಕೇಳತೊಡಗಿದರು. ಈ ಮನುಷ್ಯ ಬಾಗಿಲಲ್ಲಿ ಆ್ಯನ್ ಪ್ಲಂಬರ್ ಅನ್ನುತ್ತಾನೆ, ಆ್ಯನ್ ಡಾಗ್ ಅನ್ನುತ್ತಾನೆ, ಈಗ ನಿಮ್ಮನ್ನು ಆ್ಯನ್ ಮಾಸ್ಟರ್ ಅಂದ. ಅಪಾರ್ಟ್‌ಮೆಂಟಿನ ಮಾನ ಹೋಗುತ್ತಿದೆ. ಇದನ್ನು ಹೇಳಿಕೊಟ್ಟವರು ನೀವೇನಾ?

ಅಷ್ಟು ಜನ ತಿರುಗಿ ನೋಡಿದರು. ಕೃಷ್ಣಸ್ವಾಮಿಗಳ ಆಸ್ತಿ ಎಂದರೆ ಆ ಒಂದೇ 'ನ್'. ಜೀವಮಾನದ ಆ ಆಸ್ತಿಯನ್ನು ಯಾರೋ ನಾಯಿಗೂ ನಲ್ಲಿಯವನಿಗೂ ಹಂಚಿಬಿಟ್ಟಿದ್ದಾರೆಂದು ಕೇಳಿ ಅವರಿಗೆ ಬೆವರು ಬಂತು. ಅವರು ಎದ್ದು, "ನಾಟ್ ಮೀ, ಸಾರ್. ಹೀ ಈಸ್ ಓನ್ಲಿ ಟೆನೆಂಟ್" ಎಂದರು. ಸಾಲದೆಂದು ಕನ್ನಡದಲ್ಲೂ ಹೇಳಿದರು. "ನಮ್ಮನೇಲಿ ಬಾಡಿಗೆಗಿದ್ದಾನೆ, ಅಷ್ಟೆ. ನಾನೇನೂ ಹೇಳ್ಕೊಟ್ಟಿಲ್ಲ."

ನಿಂಗಣ್ಣ ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. ಜಟ್ಟೆಮ್ಮನ ಚಹಾ ತಟ್ಟೆ ಒಬ್ಬೊಬ್ಬರ ಮುಂದೆಯೂ ನಿಂತು, ಕೃಷ್ಣಸ್ವಾಮಿಗಳ ಮುಂದೆ ಮಾತ್ರ ನಿಲ್ಲದೆ ನನ್ನ ಕಡೆಗೆ ಬಂತು. ನಾನು ಲೋಟ ತೆಗೆದುಕೊಳ್ಳಲೋ ಬೇಡವೋ ಎಂದು ಯೋಚಿಸಿ ತೆಗೆದುಕೊಂಡೆ.

ಸಾಮಿಯಾ ಅವರು ಸನ್ನಿವೇಶ ತಿಳಿ ಮಾಡಲೆಂದು ಪರೀಕ್ಷೆ ಶುರುಮಾಡಿದರು. ಕಷ್ಟದ್ದೇನೂ ಬೇಡ, ತೋರಿಸಿದವರು ಯಾರೆಂದು ಇಂಗ್ಲಿಷಿನಲ್ಲಿ ಹೇಳಿದರೆ ಸಾಕು ಎಂದು, ಎಲ್ಲಕ್ಕಿಂತ ಸುಲಭವಾದದ್ದೆಂದು ಕೃಷ್ಣಸ್ವಾಮಿಗಳ ಕಡೆಗೇ ಕೈ ತೋರಿಸಿದರು.

ನಿಂಗಣ್ಣ ಗುರುಗಳನ್ನು ನೋಡಿದ. ಸಾವಕಾಶವಾಗಿ ನೋಡಿದ. ನಾಯಿಯನ್ನು ಗಮನಿಸಿದ್ದಕ್ಕಿಂತ ಹೆಚ್ಚು ಹೊತ್ತು ಗಮನಿಸಿದ.

"ಹೀ ಈಸ್ ಎ ಮಾಸ್ಟರ್," ಎಂದ.

ಸಭೆ ಚಪ್ಪಾಳೆ ತಟ್ಟಿತು. ಸಾಮಿಯಾ ಅವರು, ಕರೆಕ್ಟ್, ನೋಡಿ, ಕಲಿತಿದ್ದಾನೆ ಎಂದು ಸಂತೋಷಪಟ್ಟರು. ವ್ಯಾಕರಣ ಅಷ್ಟು ಸರಿಯಾಗಿದ್ದದ್ದು ಆ ಬಾಗಿಲಿನ ಚರಿತ್ರೆಯಲ್ಲೇ ಮೊದಲು. ಕೃಷ್ಣಸ್ವಾಮಿಗಳು ಚಪ್ಪಾಳೆ ತಟ್ಟಲಿಲ್ಲ. ಜನ ತಮ್ಮನ್ನು ಕುರಿತು ಇಷ್ಟೆಲ್ಲ ವರ್ಷ ಏನೇನೋ ಆಡಿದ್ದರು, ಯಾವುದೂ ಅವರನ್ನು ಹೀಗೆ ಕುರ್ಚಿಗೆ ಒತ್ತಿರಲಿಲ್ಲ. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ನ್ ಕಿತ್ಕೊಂಡ ಕಣಯ್ಯಾ" ಎಂದರು.

ವಸಂತ್ ಅವರು ಇದೇ ಸಮಯವೆಂದು ಕೊರಳ ಪಟ್ಟಿ ಸರಿಮಾಡಿಕೊಂಡು, ನಾನು ಯಾರು ಎಂದು ಕೇಳಿದರು. ಯೂ ಆರ್ ಎ ಪ್ರೆಸಿಡೆಂಟ್ ಸರ, ಎಂದ ನಿಂಗಣ್ಣ ವಿನಯದಿಂದ. ಮತ್ತೆ ಚಪ್ಪಾಳೆ. ವಸಂತ್ ಅವರು ತಮ್ಮ ಅಪಾರ್ಟ್‌ಮೆಂಟಿಗೆ ಬೇಕಾಗಿದ್ದ ಸರಿಯಾದ ಇಂಗ್ಲಿಷನ್ನು ತಮ್ಮ ಮುಖದ ಮೇಲೇ ಪಡೆದುಕೊಂಡು ಸುಮ್ಮನೆ ಕುಳಿತರು.

ಇನ್ನು ಒಂದೇ ಪ್ರಶ್ನೆ ಎಂದು ಸಾಮಿಯಾ ಅವರು ವಾಶ್ ಬೇಸಿನ್ ಕಡೆ ಬೊಟ್ಟು ಮಾಡಿದರು. ಜಿಯಾವುಲ್ಲಾ ತಲೆ ಹೊರಗೆ ತೆಗೆದ.

ನಿಂಗಣ್ಣ ಬಾಯಿ ತೆರೆಯಲಿಲ್ಲ. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಎ ಪ್ಲಂಬರ್ ಎಂದು ಹೇಳಿಬಿಡಪ್ಪಾ, ಪಾಸು ಮಾಡಿಬಿಡುತ್ತೇನೆ ಎಂದು ಸಾಮಿಯಾ ಅವರು ಕಣ್ಣಿನಲ್ಲೇ ಬೇಡಿಕೊಂಡರು. ಜಿಯಾವುಲ್ಲಾನಿಗೂ ತಡೆಯಲಾಗಲಿಲ್ಲ. "ಅರೆ ನಿಂಗಣ್ಣ, ಬೋಲ್ ಡಾಲ್ ನಾ. ಒಂದ್ ಅಕ್ಷರಕ್ಕೆ ನನ್ಗೇನ್ ಬೇಜಾರಿಲ್ಲ ಗುರು. ಹೊಸಕೋಟೆಗೆ ಹೋಗ್ತೀಯಾ ಅದಕ್ಕೋಸ್ಕರ?"

ನಿಂಗಣ್ಣ ಜಟ್ಟೆಮ್ಮನ ಕಡೆ ನೋಡಿದ. ಜಟ್ಟೆಮ್ಮ ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡಿದ್ದಳು. ಅವಳು ತಲೆಯನ್ನು ಬೇಡ ಎಂದೂ ಆಡಿಸಲಿಲ್ಲ, ಬೇಕು ಎಂದೂ ಆಡಿಸಲಿಲ್ಲ. ಸೆರಗು ಮಾತ್ರ ಸರಿಮಾಡಿಕೊಂಡಳು, ಹೊರಡುವುದಾದರೆ ಹೊರಡೋಣ ಎಂಬಂತೆ.

"ಹೀ ಈಸ್ ಆ್ಯನ್ ಪ್ಲಂಬರ್," ಎಂದ ನಿಂಗಣ್ಣ.

"ಫೇಲ್," ಎಂದರು ವಸಂತ್. ಅವರ ದನಿಯಲ್ಲಿ ಇಡೀ ವಾರದ ಸಾರು ಇತ್ತು.

ಆಗ ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ಕೃಷ್ಣಸ್ವಾಮಿಗಳು ಎದ್ದಿದ್ದರು. ಕೊಡೆಯನ್ನು ನನ್ನ ತೊಡೆಯ ಮೇಲಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಬೀಳ್ಕೊಡುಗೆಯ ದಿನ ನಡೆದ ಹಾಗೆಯೇ ನೇರವಾಗಿ ಮೇಜಿನ ಹತ್ತಿರ ನಡೆದರು. ಅವತ್ತು ಒಂದು 'ನ್' ಸೇರಿಸಲು ಹೋಗಿದ್ದ ಮನುಷ್ಯ ಇವತ್ತು ಏನು ಮಾಡುತ್ತಾರೋ ಎಂದು ನಾನು ಕೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಕರೆಕ್ಟ್ ಸ್ವಾಮಿ ಅದು," ಎಂದರು ಕೃಷ್ಣಸ್ವಾಮಿಗಳು. "ಆ್ಯನ್ ಪ್ಲಂಬರ್. ನಾನೇ ಹೇಳ್ಕೊಟ್ಟಿದ್ದು. ಆಗ ಹೇಳಿದ್ದು ಸುಳ್ಳು."

ಸಾಮಿಯಾ ಅವರ ಪೆನ್ನು ಕೈಯಿಂದ ಜಾರಿತು. ಇದು ಯಾವ ಗ್ರಾಮರ್ ಎಂದು ವಸಂತ್ ಕೇಳಿದರು. ಕೃಷ್ಣಸ್ವಾಮಿಗಳು ಅಲುಗಾಡಲಿಲ್ಲ. ಗ್ರಾಮರಿನಲ್ಲಿ ಎಕ್ಸೆಪ್ಶನ್ ಎಂಬುದೊಂದಿದೆ, ದೊಡ್ಡ ದೊಡ್ಡವರಿಗೇ ಅದು ಗೊತ್ತಿರುವುದಿಲ್ಲ, ಪ್ಲಂಬರ್ ಆ ಎಕ್ಸೆಪ್ಶನ್ನಿನಲ್ಲಿ ಬರುತ್ತದೆ ಎಂದು ಗಂಭೀರವಾಗಿ ವಿವರಿಸಿದರು. ತಮ್ಮ ಇಡೀ ಜೀವಮಾನದ ಏಕೈಕ ನಿಯಮವನ್ನು ಅವರು ಹೀಗೆ ತಮ್ಮ ಕೈಯಾರೆ ಮುರಿದು ಮೇಜಿನ ಮೇಲಿಟ್ಟರು. ಅನುಮಾನವಿದ್ದವರು ಕೇಳಲಿ ಎಂದು ಸಭೆಯ ಕಡೆ ತಿರುಗಿದರು. ತಿದ್ದಬಲ್ಲವರು ಅಲ್ಲಿ ಬಹಳ ಜನ ಇದ್ದರು. ಆದರೆ ಅವರಲ್ಲಿ ಅರ್ಧ ಜನ ಆಗಲೇ ಆ್ಯನ್, ಉಳಿದರ್ಧ ಜನ ಆಗಬೇಕೆಂದು ನುಗ್ಗೆಕಾಯಿ ಹಿಡಿದು ಓಡಾಡುತ್ತಿದ್ದವರು. ಎಲ್ಲರೂ ಸಾಮಿಯಾ ಅವರನ್ನು ನೋಡಿದರು.

ಸಾಮಿಯಾ ಅವರು ಪೆನ್ನು ಎತ್ತಿಕೊಂಡರು, ವಾಶ್ ಬೇಸಿನ್ ಕಡೆ ನೋಡಿದರು, ಕೆಮ್ಮಿದರು. "ಹೌದು. ಅಪರೂಪದ್ದು, ಆದರೆ ಇದೆ," ಎಂದರು. ಬೆನ್ಸನ್ ಟೌನಿನ ಇಂಗ್ಲಿಷಿನ ಮೇಲೆ ಅಪೀಲು ಇಲ್ಲ.

ವಸಂತ್ ಅವರು ಬಹಳ ಹೊತ್ತು ಬೆರಳಿನಿಂದ ಮೇಜು ಬಡಿದರು. ಆಮೇಲೆ ಕೃಷ್ಣಸ್ವಾಮಿಗಳ ಕಡೆ ಬಾಗಿ, ಮೈಕಿಗೆ ಕೈ ಅಡ್ಡ ಹಿಡಿದು, ಅಚ್ಚ ಕನ್ನಡದಲ್ಲಿ ಕೇಳಿದರು. "ಸಾರ್, ಈ ಎಕ್ಸೆಪ್ಶನ್ನಲ್ಲಿ ಪ್ರೆಸಿಡೆಂಟ್ ಬರುತ್ತಾ?"

"ಅದನ್ನ ಬಾಗಿಲಲ್ಲಿ ಇರೋರು ನೋಡಿ ಹೇಳ್ಬೇಕು," ಎಂದರು ಕೃಷ್ಣಸ್ವಾಮಿಗಳು.

ನಿಂಗಣ್ಣ ಹೊಸಕೋಟೆಗೆ ಹೋದರೆ ಆ 'ನ್' ಕೂಡ ಅವನ ಜೊತೆಗೇ ಹೊರಟುಹೋಗುತ್ತದೆ, ತಾವು ಸಾಯುವವರೆಗೂ ಎ ಆಗಿಯೇ ಉಳಿಯಬೇಕಾಗುತ್ತದೆ ಎಂಬುದು ಅಧ್ಯಕ್ಷರಿಗೆ ಆಗ ಹೊಳೆದಿರಬೇಕು. ಅವರು ನೆಟ್ಟಗೆ ಕುಳಿತು, ಪಾಸ್ ಎಂದರು. ಮುಂಬಾಗಿಲಲ್ಲೇ ಇರಲಿ ಎಂದರು. ಜಟ್ಟೆಮ್ಮ ತಟ್ಟೆಯಿಂದ ಮುಖ ಮುಚ್ಚಿಕೊಂಡಳು. ಜಿಯಾವುಲ್ಲಾ ಏನೂ ಆಗಿಲ್ಲವೆಂಬಂತೆ ಮತ್ತೆ ಬೇಸಿನ್ ಕೆಳಗೆ ನುಗ್ಗಿದ, ಆದರೆ ಆ ನಲ್ಲಿ ಅವತ್ತು ಬಹಳ ಹೊತ್ತು ರಿಪೇರಿಯಾಯಿತು.

ಸನ್ಮಾನ ಆಗಲಿಲ್ಲ, ಹಣ್ಣಿನ ಬುಟ್ಟಿ ಬರಲಿಲ್ಲ. ಕೃಷ್ಣಸ್ವಾಮಿಗಳು ನನ್ನಿಂದ ಕೊಡೆ ವಾಪಸು ತೆಗೆದುಕೊಂಡರು, ನಾವು ಹೊರಟೆವು. ನಿಂಗಣ್ಣ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದ. ಸೆಲ್ಯೂಟು ಹೊಡೆದ, ಬಾಗಿಲು ತೆರೆದ. ಏನೂ ಮಾತಾಡಲಿಲ್ಲ. ಹೊರಗೆ ಹೋಗುವವರಿಗೆ ಅಲ್ಲಿ ಕೂಗುವ ಪದ್ಧತಿ ಇಲ್ಲವಲ್ಲ. ನಾನು ಆಟೋ ಕರೆದೆ. ಕೃಷ್ಣಸ್ವಾಮಿಗಳು ಒಂದು ಕಾಲು ಆಟೋದ ಒಳಗಿಟ್ಟು, ಹೊರಗೆ ತೆಗೆದರು.

"ಕೊಡೆ ಮರೆತೆ," ಎಂದರು.

ಕೊಡೆ ಅವರ ಕೈಯಲ್ಲೇ ಇತ್ತು. ನಾನು ಹೇಳಬೇಕೆಂದುಕೊಂಡೆ, ಅವರ ಮುಖ ನೋಡಿ ಸುಮ್ಮನಾದೆ. ಅವರು ಕೊಡೆಯನ್ನು ಊರಿಕೊಂಡು ರಸ್ತೆ ದಾಟಿ, ಬಾಗಿಲಿನಿಂದ ಮತ್ತೆ ಒಳಗೆ ನಡೆದರು. ನಿಧಾನವಾಗಿ ನಡೆದರು, ಯಾರೂ ನೋಡದೆ ಇರಲಾರದಷ್ಟು ನಿಧಾನವಾಗಿ. ಕಾವಲುಗಾರನ ಬೂತಿನ ಮುಂದೆ ಬಂದು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದರು. ಅವರು ಹಾಕಿಕೊಂಡಿದ್ದದ್ದು ಚಪ್ಪಲಿ.

ನಿಂಗಣ್ಣ ಬಗ್ಗಿದ ಬೆನ್ನನ್ನು ನೋಡಿದ. ಕೊಡೆಯನ್ನು ನೋಡಿದ. ವಾಕಿಟಾಕಿ ಎತ್ತಿ, ಗಂಟಲು ಸರಿಮಾಡಿಕೊಂಡ.

"ಆ್ಯನ್ ಮಾಸ್ಟರ್ ಕಮಿಂಗ್," ಎಂದ.

ಎ ಬ್ಲಾಕು, ಬಿ ಬ್ಲಾಕು, ಸಿ ಬ್ಲಾಕು, ಡಿ ಬ್ಲಾಕು, ಎಲ್ಲ ಸ್ಪೀಕರುಗಳೂ ಅದನ್ನೇ ಹೇಳಿದವು. ದೊಡ್ಡ ಸಾಹೇಬರ ಕೈಯಿಂದ ಮೈಕು ಕಿತ್ತುಕೊಂಡಿದ್ದ ಕೃಷ್ಣಸ್ವಾಮಿಗಳು ಬಗ್ಗಿಕೊಂಡೇ ಅದನ್ನು ಕೇಳಿದರು. ತಿದ್ದಲಿಲ್ಲ.